ಮಂಗ ಸತ್ತ ಸುದ್ದಿ ಬರುವ ಮೊದಲೇ

ಪ್ರತಿ ವರ್ಷ ಡಿಸೆಂಬರ್ ಕೊನೆಗೋ ಜನವರಿ ಶುರುವಿಗೋ ಮಲೆನಾಡಿನ ಜಿಲ್ಲೆಗಳ ಪತ್ರಿಕಾ ಪುಟಗಳಲ್ಲಿ ನಾಲ್ಕು ಸಾಲಿನ ಸುದ್ದಿಯೊಂದು ಕಾಣಿಸಿಕೊಳ್ಳುತ್ತದೆ. ಇಂಥ ಊರಿನ ತೋಟದ ಅಂಚಿನಲ್ಲಿ ಮಂಗ ಸತ್ತು ಬಿದ್ದಿದೆ, ಮಾದರಿಯನ್ನು ಪರೀಕ್ಷೆಗೆ ಕಳಿಸಲಾಗಿದೆ, ಸಾರ್ವಜನಿಕರು ಆತಂಕಪಡಬೇಕಿಲ್ಲ. ಕೆಲವೇ ವಾರಗಳಲ್ಲಿ ಅದೇ ಸೀಮೆಯ ಮನುಷ್ಯರ ಸುದ್ದಿ ಬರುತ್ತದೆ. ಫೆಬ್ರುವರಿಯಲ್ಲಿ ಸಚಿವರ ಕಾರು. ಮಾರ್ಚ್‌ನಲ್ಲಿ ತಾಲ್ಲೂಕು ಕಚೇರಿಯ ಮುಂದೆ ಧರಣಿ. ಜೂನ್‌ನಲ್ಲಿ ಮಳೆ. ಮಳೆ ಹಿಡಿದರೆ ಜ್ವರ ಇಳಿಯುತ್ತದೆ, ಜ್ವರದ ಜೊತೆಗೇ ನಮ್ಮ ನೆನಪೂ ಇಳಿಯುತ್ತದೆ.

ಹೀಗೇ ನಡೆದುಕೊಂಡು ಬಂದು ಹತ್ತಿರ ಹತ್ತಿರ ಎಪ್ಪತ್ತು ವರ್ಷವಾಯಿತು. ಮಂಗನ ಕಾಯಿಲೆ ಏನೆಂದು ಸಾಗರದವರಿಗೋ ಸಿದ್ದಾಪುರದವರಿಗೋ ನಾನು ಹೇಳಿಕೊಡಬೇಕಾಗಿಲ್ಲ. ಅವರಿಗೆ ಅದು ಮೈಗೇ ಗೊತ್ತು. ನಾನು ಮಾತಾಡುತ್ತಿರುವುದು ಉಳಿದ ನಮ್ಮ ಜೊತೆ. ಮಲೆನಾಡಿನ ಅಡಿಕೆ ಬೇಕು, ಕಾಳುಮೆಣಸು ಬೇಕು, ಶರಾವತಿಯ ಕರೆಂಟು ಬೇಕು, ಜೋಗದ ಮುಂದೆ ನಿಂತ ಫೋಟೊ ಬೇಕು, ಅಲ್ಲಿನ ಜ್ವರ ಮಾತ್ರ ಅಲ್ಲಿಯವರಿಗೇ ಇರಲಿ ಎಂದು ಬಿಟ್ಟುಕೊಟ್ಟಿರುವ ನಮ್ಮ ಜೊತೆ.

1957ರ ಬೇಸಿಗೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸಾಯತೊಡಗಿದವು. ಅಕ್ಕಪಕ್ಕದ ಹಳ್ಳಿಗಳಲ್ಲಿ ಜನ ಜ್ವರದಿಂದ ನೆಲ ಹಿಡಿದರು. ಇಂದು ರಾಷ್ಟ್ರೀಯ ವೈರಾಣು ಸಂಸ್ಥೆಯಾಗಿರುವ ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ವಿಜ್ಞಾನಿಗಳು ಓಡಿ ಬಂದರು. ಮಂಗ ಸಾಯುವುದನ್ನು ಕಂಡು ಅವರಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಆ ರೋಗ ಏಷ್ಯಾಕ್ಕೆ ಕಾಲಿಟ್ಟಿತೆಂದರೆ ಇಡೀ ಜಗತ್ತು ಎದ್ದು ಕೂರುತ್ತಿತ್ತು. ಪರೀಕ್ಷೆಯಲ್ಲಿ ಸಿಕ್ಕಿದ್ದು ಬೇರೆಯೇ ವೈರಸ್: ರಷ್ಯಾದ ಕಾಡುಗಳ ಮಿದುಳು ಜ್ವರಕ್ಕೆ ಹತ್ತಿರದ ನೆಂಟ, ಆದರೆ ಅಲ್ಲಿಯವರೆಗೆ ಯಾರೂ ಕಂಡಿರದದ್ದು. ವಿಜ್ಞಾನ ಅದಕ್ಕೆ ನಮ್ಮ ಕಾಡಿನ ಹೆಸರನ್ನೇ ಇಟ್ಟಿತು. ಜಗತ್ತು ನಿಟ್ಟುಸಿರು ಬಿಟ್ಟು ತನ್ನ ಕೆಲಸಕ್ಕೆ ಹೋಯಿತು. ಅಲ್ಲಿಂದ ಮುಂದೆ ಇದು ನಮ್ಮ ಪಾಲಿನದು.

ಆಗ ಭಾರತದಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯಸ್ಸು 40ರ ಆಚೀಚೆ ಇತ್ತು. ಈಗ 70ರ ಆಸುಪಾಸಿದೆ. ಈ ಮೂವತ್ತು ವರ್ಷ ಯಾರೂ ದಾನ ಕೊಟ್ಟದ್ದಲ್ಲ. ಸಿಡುಬನ್ನು ಬೆನ್ನಟ್ಟಿ ಓಡಿಸಿದೆವು. ನಾರುಹುಣ್ಣು 2000ದಲ್ಲಿ ಹೋಯಿತು, ಪೋಲಿಯೊ 2014ರಲ್ಲಿ. ಹೆರಿಗೆ ಆಸ್ಪತ್ರೆಗೆ ಬಂತು, ಕುಡಿಯುವ ನೀರು ಒಂದಿಷ್ಟು ಶುದ್ಧವಾಯಿತು, ಮನೆ ಮನೆಗೆ ಲಸಿಕೆಯ ಪೆಟ್ಟಿಗೆ ಹೊತ್ತು ತಿರುಗಿದ ದಾದಿಯರ ಕಾಲು ಸವೆಯಿತು. ಕಾಡಂಚಿನ ಕೂಲಿಯವರಿಗೂ ಈ ಗಳಿಕೆಯಲ್ಲಿ ಪಾಲು ಸಿಕ್ಕಿದೆ, ಇಲ್ಲವೆನ್ನಲಾರೆ. ಆದರೆ ಸರಾಸರಿ ಎನ್ನುವುದು ದೊಡ್ಡ ಸಂಖ್ಯೆಯ ಲೆಕ್ಕ. ಒಂದೊಂದು ಸೀಸನ್‌ನಲ್ಲಿ ಹತ್ತಿಪ್ಪತ್ತು ಕೂಲಿಕಾರರು ಸತ್ತರೆ ಆ ಲೆಕ್ಕದ ದಶಾಂಶವೂ ಅಲುಗುವುದಿಲ್ಲ. ಅಲುಗಬೇಕಾದ್ದು ಬೇರೆಯದು, ಅದು ಅಲುಗುತ್ತಿಲ್ಲ ಎಂಬುದೇ ನನ್ನ ತಕರಾರು.

ಏಕೆಂದರೆ ಇಷ್ಟು ಖಚಿತವಾಗಿ ಗೊತ್ತಿರುವ ಕಾಯಿಲೆ ಇನ್ನೊಂದಿಲ್ಲ. ಯಾವ ತಿಂಗಳಲ್ಲಿ ಬರುತ್ತದೆಂದು ಗೊತ್ತು, ಯಾವ ಪಂಚಾಯಿತಿಗಳಲ್ಲಿ ಬರುತ್ತದೆಂದು ಗೊತ್ತು, ಯಾರಿಗೆ ಬರುತ್ತದೆಂದೂ ಗೊತ್ತು. ವೈರಸ್ಸನ್ನು ಹೊತ್ತು ತಿರುಗುವುದು ಕಾಡಿನ ಉಣುಗು. ಮಳೆ ಮುಗಿದ ಮೇಲೆ ಮೊಟ್ಟೆಯೊಡೆದು ಬಂದ ಮರಿಗಳು ಡಿಸೆಂಬರ್ ಹೊತ್ತಿಗೆ ಕಚ್ಚುವ ಹಂತಕ್ಕೆ ಬೆಳೆದು, ಮೇ ತಿಂಗಳವರೆಗೆ ಒಣಗಿದ ಎಲೆಯ ಅಡಿಯಲ್ಲಿ, ಹುಲ್ಲಿನ ತುದಿಯಲ್ಲಿ ಕಾದು ಕೂತಿರುತ್ತವೆ. ಎಳ್ಳಿನ ಕಾಳಿಗಿಂತ ಚಿಕ್ಕವು. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಮುಸುವಕ್ಕೂ ಕೆಂಪು ಮಂಗಕ್ಕೂ ಸೋಂಕು ತಗುಲಿದರೆ ಅವುಗಳ ರಕ್ತದಲ್ಲಿ ವೈರಸ್ ಹೇರಳವಾಗಿ ಬೆಳೆಯುತ್ತದೆ. ಮಂಗ ಸತ್ತು ಮೈ ತಣ್ಣಗಾದಂತೆ ಅದರ ಮೇಲಿದ್ದ ಉಣುಗುಗಳೆಲ್ಲ ಉದುರಿ ಆ ಜಾಗದಲ್ಲೇ ಹರಡುತ್ತವೆ. ನಾಳೆ ಸೌದೆಗೆಂದು ಆ ದಾರಿಯಲ್ಲಿ ಹೋದವರ ಕಾಲಿಗೆ ಅವು ಹತ್ತುತ್ತವೆ. ಸತ್ತ ಮಂಗ ಎಂದರೆ ಆ ಕಾಡಿನ ತುಂಡು ನಮಗೆ ಕೊಡುವ ಮುನ್ನೆಚ್ಚರಿಕೆ. ಅದನ್ನು ನೋಡಿದವನು ಫೋನ್ ಮಾಡಿ, ಅರಣ್ಯ ಇಲಾಖೆಯವರು, ಪಶುವೈದ್ಯರು, ಆರೋಗ್ಯ ಇಲಾಖೆಯವರು ಮೂವರೂ ಅವತ್ತೇ ಬಂದು, ಸುತ್ತ ಔಷಧಿ ಪುಡಿ ಹಾಕಿ, ಮಾದರಿ ಕಳಿಸಿ, ಊರಿಗೆ ಹೇಳಿದರೆ ಒಂದಷ್ಟು ಜೀವ ಉಳಿಯುತ್ತದೆ. ಇದು ನಮ್ಮ ಇಲಾಖೆಗೆ ಬರುವುದಿಲ್ಲ ಎಂದು ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿಕೊಂಡು ಕಳೆಯುವ ಪ್ರತಿ ದಿನಕ್ಕೂ ಬೆಲೆಯಿದೆ. ಅದನ್ನು ತೆರುವವರು ಇಲಾಖೆಯವರಲ್ಲ.

ಕಾಯಿಲೆ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಇದು ಸಮಾಧಾನದ ಮಾತಿನಂತೆ ಕೇಳಿಸುತ್ತದೆ. ನನಗೆ ಅನ್ನಿಸುವುದು, ಇದೇ ಅದರ ದುರ್ದೈವ ಕೂಡ. ಸಾಗರದ ಬಸ್ಸು ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿಯುವ ಗುಣ ಈ ಜ್ವರಕ್ಕೆ ಇದ್ದಿದ್ದರೆ ಎಪ್ಪತ್ತು ವರ್ಷ ಕಾಯಬೇಕಾಗುತ್ತಿತ್ತೇ?

ಯಾರಿಗೆ ಬರುತ್ತದೆ ಎಂದೆನಲ್ಲ, ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅಡಿಕೆ ತೋಟ ನಿಂತಿರುವುದು ಸೊಪ್ಪಿನಬೆಟ್ಟದ ಮೇಲೆ. ಬೆಟ್ಟದ ಸೊಪ್ಪು, ತರಗೆಲೆ ಕೊಟ್ಟಿಗೆಗೆ ಬಂದು, ದನದ ಕಾಲಡಿ ಗೊಬ್ಬರವಾಗಿ, ತೋಟದ ಬುಡಕ್ಕೆ ಹೋಗುತ್ತದೆ. ತರಗೆಲೆ ಉದುರುವುದು ಯಾವಾಗ? ಉಣುಗು ಏಳುವ ಕಾಲದಲ್ಲೇ. ಅದನ್ನು ಗುಡಿಸಿ, ಬಲೆಚೀಲಕ್ಕೆ ತುಂಬಿ, ತಲೆಯ ಮೇಲೆ ಹೊತ್ತು ತರುವವರು ಬಹುಮಟ್ಟಿಗೆ ದಿನಗೂಲಿಯ ಹೆಂಗಸರು. ಬೆಳಿಗ್ಗೆ ಏಳಕ್ಕೇ ಬೆಟ್ಟಕ್ಕೆ ಹೊರಡುವ ಮುಂಚೆ ಆಶಾ ಕಾರ್ಯಕರ್ತೆ ಕೊಟ್ಟ ಡೆಪಾ ಎಣ್ಣೆಯ ಬಾಟಲಿಯನ್ನು ತೆಗೆದು, ಕೈಗೂ ಕಾಲಿಗೂ ಕತ್ತಿಗೂ ಹಚ್ಚಿಕೊಳ್ಳಬೇಕು. ಹಚ್ಚಿಕೊಂಡರೆ ಉಣುಗು ಹತ್ತದು, ನಿಜ. ಆದರೆ ಹತ್ತು ಗಂಟೆಯ ಬಿಸಿಲಿಗೆ ಬೆವರು ಹರಿದು ಎಣ್ಣೆಯೂ ಹರಿಯುತ್ತದೆ. "ಕಣ್ಣಿಗೆ ಇಳಿದ್ರೆ ಉರಿ ತಡೆಯಕ್ಕಾಗಲ್ಲ ಮಾರಾಯ್ರೆ, ದೂಳೆಲ್ಲ ಮೈಗೆ ಅಂಟ್ತದೆ" ಎಂಬ ಮಾತು ಆ ಕಡೆ ಯಾವ ಊರಿಗೆ ಹೋದರೂ ಕಿವಿಗೆ ಬೀಳುತ್ತದೆ. ಬಾಟಲಿ ಮುಗಿದರೆ ಮುಂದಿನ ಬಾಟಲಿ ಬರುವವರೆಗೆ ಬರಿಮೈ.

ಮನೆಗೆ ಬಂದ ಕೂಡಲೇ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ, ಬಟ್ಟೆಯನ್ನು ಕುದಿನೀರಿಗೆ ಹಾಕಿ ಎನ್ನುತ್ತದೆ ಕರಪತ್ರ. ಒಳ್ಳೆಯ ಸಲಹೆ. ಬಚ್ಚಲ ಹಂಡೆಯ ನೀರು ಕಾಯಲು ಸೌದೆ ಬೇಕು. ಸೌದೆ ಎಲ್ಲಿಂದ ಬರಬೇಕು? ಅದೇ ಕಾಡಿನಿಂದ. ಕರಪತ್ರ ಬರೆದವರು ಇಲ್ಲಿಯವರೆಗೆ ಯೋಚಿಸಿದ್ದಾರೆಂದು ನನಗನ್ನಿಸುವುದಿಲ್ಲ. ಕಾಡಿಗೆ ಹೋಗಬೇಡಿ ಎಂದು ಅದೇ ಕರಪತ್ರದ ಇನ್ನೊಂದು ಸಾಲು ಹೇಳುತ್ತದೆ. ಹೋಗದಿದ್ದರೆ ಅವತ್ತಿನ ಕೂಲಿಯನ್ನು ಯಾರು ಕೊಡುತ್ತಾರೆ ಎಂಬುದಕ್ಕೆ ಅದರಲ್ಲಿ ಸಾಲಿಲ್ಲ.

ಜ್ವರ ಬಂದರೆ ಅದು ಬರುವುದು ಒಮ್ಮೆಲೇ. ಹಣೆ ಸಿಡಿಯುವ ನೋವು, ಸೊಂಟ ಮೀನಖಂಡಗಳನ್ನು ಹಿಂಡಿದಂಥ ನೋವು, ವಾಂತಿ, ಕೆಂಪೇರಿದ ಕಣ್ಣು, ಕೆಲವರಿಗೆ ಒಸಡಿನಲ್ಲಿ ಮೂಗಿನಲ್ಲಿ ರಕ್ತ. ಹೆಚ್ಚಿನವರು ಒಂದೆರಡು ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ. ನೂರರಲ್ಲಿ ಹತ್ತಿಪ್ಪತ್ತು ಮಂದಿಗೆ ಮೂರನೇ ವಾರದಲ್ಲಿ ಜ್ವರ ಮರುಕಳಿಸಿ, ನಡುಕ, ಮಂಕು, ಮಂಜಾದ ದೃಷ್ಟಿಯೊಂದಿಗೆ ಮಿದುಳನ್ನು ಹಿಡಿಯುತ್ತದೆ. ನೂರರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ವೈರಸ್ಸನ್ನು ಕೊಲ್ಲುವ ಮದ್ದಿಲ್ಲ; ನೀರು, ಪ್ಲೇಟ್‌ಲೆಟ್, ರಕ್ತಸ್ರಾವದ ಮೇಲೆ ನಿಗಾ, ಹಗಲೂ ರಾತ್ರಿಯ ಆರೈಕೆ ಇವೇ ಮದ್ದು. ಅಂದರೆ ಹತ್ತಿರದಲ್ಲಿ ಒಳ್ಳೆಯ ಆಸ್ಪತ್ರೆ ಇರಬೇಕು. ಇರುವುದು ಘಟ್ಟದ ಕೆಳಗೆ, ಮಣಿಪಾಲದಲ್ಲಿ. ಚಿಕಿತ್ಸೆ ಉಚಿತವೆಂದು ಘೋಷಿಸಿದ್ದಾಗಿದೆ. ಆದರೆ ಮೈಯೆಲ್ಲ ನೋವಿರುವ ರೋಗಿಯನ್ನು ಆಂಬುಲೆನ್ಸಿನಲ್ಲಿ ಗಂಟೆಗಟ್ಟಲೆ ತಿರುವುಗಳಲ್ಲಿ ಇಳಿಸುವುದು, ಜೊತೆಗೆ ಹೋದವರ ಊಟ, ವಸತಿ, ತಪ್ಪಿದ ಕೂಲಿ, ಮನೆಯಲ್ಲಿ ಬಿಟ್ಟು ಬಂದ ಮಕ್ಕಳು ಮತ್ತು ದನ, ಇವು ಯಾವುವೂ ಉಚಿತವಲ್ಲ.

ಈಗ ಲಸಿಕೆಯ ಕಥೆಗೆ ಬರೋಣ. ನನಗೆ ಹೆಚ್ಚು ಸಿಟ್ಟು ಬರುವುದು ಇಲ್ಲಿಯೇ.

ಮಂಗನ ಕಾಯಿಲೆಗೆ ಲಸಿಕೆ ಇತ್ತು. 1990ರ ಹೊತ್ತಿಗೆ ಅದನ್ನು ಜನರಿಗೆ ಕೊಡತೊಡಗಿದರು. ಏಳರಿಂದ ಅರುವತ್ತೈದು ವರ್ಷದವರೆಗಿನವರಿಗೆ ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳೊಳಗೆ ಬೂಸ್ಟರ್, ಆಮೇಲೆ ಐದು ವರ್ಷ ವರ್ಷಕ್ಕೊಂದು. ಚುಚ್ಚಿದ ಜಾಗ ಎರಡು ದಿನ ಕೈ ಎತ್ತಲಾಗದಷ್ಟು ನೋಯುತ್ತಿತ್ತು. ದಿನಗೂಲಿಯವರಿಗೆ ಎರಡು ದಿನ ಕೈ ನೋವೆಂದರೆ ಎರಡು ದಿನದ ಗಂಜಿ. ಹಾಗಾಗಿ ಮೊದಲ ಡೋಸ್ ತೆಗೆದುಕೊಂಡವರು ಎರಡನೆಯದಕ್ಕೆ ಬರುತ್ತಿರಲಿಲ್ಲ, ಎರಡನೆಯದಕ್ಕೆ ಬಂದವರು ಬೂಸ್ಟರ್‌ಗೆ ಬರುತ್ತಿರಲಿಲ್ಲ. ಜನರಿಗೆ ತಿಳಿವಳಿಕೆ ಇಲ್ಲ ಎಂದು ವರದಿಗಳು ಬರೆದವು. ತಿಳಿವಳಿಕೆಯ ಕೊರತೆ ಯಾವ ಕಡೆಗಿತ್ತೋ! 2005ರಿಂದ 2010ರ ನಡುವಿನ ಅಂಕಿಅಂಶಗಳನ್ನು ಪರಿಶೀಲಿಸಿದವರಿಗೆ ಕಂಡದ್ದು, ಎರಡು ಡೋಸ್ ಪಡೆದವರಲ್ಲಿ ಶೇ 62ರಷ್ಟು, ಬೂಸ್ಟರ್ ಸೇರಿದರೆ ಶೇ 83ರಷ್ಟು ರಕ್ಷಣೆ. ಆಗಲೇ ಗಂಟೆ ಬಾರಿಸಬೇಕಿತ್ತು. ಹಳೆಯ ವೈರಸ್ ತಳಿ, ಹಳೆಯ ವಿಧಾನ, ಕುಗ್ಗುತ್ತಿರುವ ಶಕ್ತಿ. ಆದರೂ ವರ್ಷಾನುಗಟ್ಟಲೆ ಅದನ್ನೇ ಚುಚ್ಚಿದೆವು. ಕೊನೆಗೆ ಸತ್ವ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಪರಿಣಾಮವಿಲ್ಲದ ಲಸಿಕೆಯನ್ನು ನಿಲ್ಲಿಸಿದ್ದು ತಪ್ಪಲ್ಲ. ಅದರ ಜಾಗದಲ್ಲಿ ಇಡಲು ಕೈಯಲ್ಲಿ ಇನ್ನೊಂದಿರಲಿಲ್ಲ ಎಂಬುದು ತಪ್ಪು. ಅಲ್ಲಿಂದ ಮುಂದಿನ ಸೀಸನ್‌ಗಳಿಗೆ ಕಾಡಂಚಿನ ಜನ ಹೋದದ್ದು ಎಣ್ಣೆ ಬಾಟಲಿ ಮತ್ತು ಕರಪತ್ರ ನಂಬಿಕೊಂಡು. 2024ರ ಆರಂಭದಲ್ಲಿ ಸಿದ್ದಾಪುರ ತಾಲ್ಲೂಕು ಜ್ವರದಲ್ಲಿ ಬೆಂದದ್ದು ಇಂಥ ಹೊತ್ತಿನಲ್ಲೇ.

ಆಗದ ಕೆಲಸವೇನೂ ಅಲ್ಲ ಇದು. ಆಸ್ಟ್ರಿಯಾದಲ್ಲಿ ಇದೇ ಕುಟುಂಬದ, ಉಣುಗಿನಿಂದಲೇ ಹರಡುವ ಮಿದುಳು ಜ್ವರವೊಂದು ವರ್ಷವರ್ಷವೂ ನೂರಾರು ಜನರನ್ನು ಹಿಡಿಯುತ್ತಿತ್ತು. ಅಲ್ಲಿ 1970ರ ದಶಕದಲ್ಲೇ ಲಸಿಕೆ ಸಿದ್ಧವಾಯಿತು. 1980ರ ದಶಕದ ಆರಂಭದಲ್ಲಿ ಇಡೀ ದೇಶಕ್ಕೆ ಲಸಿಕೆಯ ಆಂದೋಲನ ನಡೆದು ರೋಗ ಬಹುಪಾಲು ಇಳಿಯಿತು. ಅವರ ಕಾಡಿನಲ್ಲಿ ಅಡ್ಡಾಡುವವರಲ್ಲಿ ಮಂತ್ರಿಗಳಿದ್ದರು, ವಕೀಲರಿದ್ದರು, ರಜೆ ಕಳೆಯುವ ಜರ್ಮನ್ನರಿದ್ದರು. ನಮ್ಮ ಕಾಡಿನಲ್ಲಿ ಅಡ್ಡಾಡುವವರು ತರಗೆಲೆ ಹೊರುವವರು. ಇನ್ನು ಕೊರೊನಾ ಕಾಲವನ್ನು ನೆನಪಿಸಿಕೊಳ್ಳಿ. 2020ರ ಜನವರಿಯಲ್ಲಿ ಗುರುತು ಸಿಕ್ಕ ವೈರಸ್ಸಿಗೆ 2021ರ ಜನವರಿಯಲ್ಲಿ ಭಾರತದಲ್ಲಿ ಲಸಿಕೆ ಕೊಡಲು ಶುರು ಮಾಡಿದೆವು. ಪ್ರಯೋಗಾಲಯ ನಮ್ಮಲ್ಲಿದೆ, ಕಾರ್ಖಾನೆ ನಮ್ಮಲ್ಲಿದೆ, ವಿಜ್ಞಾನಿಗಳು ನಮ್ಮಲ್ಲಿದ್ದಾರೆ. ಇಲ್ಲದ್ದು ಗಿರಾಕಿ. ವರ್ಷಕ್ಕೆ ಕೆಲವು ನೂರು ಬಡ ರೋಗಿಗಳಿಗಾಗಿ ಯಾವ ಕಂಪನಿಯೂ ತಾನಾಗಿ ಲಸಿಕೆ ಮಾಡುವುದಿಲ್ಲ. ಅದಕ್ಕೇ ಸರ್ಕಾರ ಎನ್ನುವುದೊಂದು ಇರುವುದು. ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಈಗ ಹೊಸ ಲಸಿಕೆಯ ಕೆಲಸಕ್ಕೆ ಕೈ ಹಾಕಿವೆ. ಸಂತೋಷ. ಆದರೆ ಅದು ಎಂದು ಬರುತ್ತದೆ ಎಂಬುದನ್ನು ತಿಂಗಳು ತಿಂಗಳೂ ಕೇಳುವವರಿಲ್ಲದಿದ್ದರೆ ಕಡತ ಎಷ್ಟು ನಿಧಾನವಾಗಿ ಚಲಿಸಬಲ್ಲದೆಂದು ನಮಗೆ ಗೊತ್ತು.

ಕಾಯಿಲೆಗೆ ಕಾಡು ಕಾರಣ, ಮಂಗ ಕಾರಣ ಎನ್ನುವ ಮಾತೂ ಆಗಾಗ ಕೇಳಿಬರುತ್ತದೆ. ಮಂಗ ನಮಗಿಂತ ಮೊದಲು ಸಾಯುವ ಪ್ರಾಣಿ. ಅದಕ್ಕೆ ಕಲ್ಲು ಹೊಡೆದು ಪ್ರಯೋಜನವಿಲ್ಲ. ಕಾಡನ್ನು ತುಂಡು ತುಂಡು ಮಾಡಿ, ನಡುವೆ ರಸ್ತೆ, ನೆಡುತೋಪು, ಊರು ಮಾಡಿದಲ್ಲಿ ಮನುಷ್ಯ, ದನ, ಮಂಗ, ಉಣುಗು ಒಂದೇ ಗಡಿಯಲ್ಲಿ ಒತ್ತಿಕೊಂಡು ಬದುಕಬೇಕಾಗುತ್ತದೆ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯ ಬಳಿ ಗೇರು ನೆಡಲು ಕಾಡು ಕಡಿದ ಬೆನ್ನಿಗೇ, ಅಲ್ಲಿಯವರೆಗೆ ಕಾಯಿಲೆಯ ಹೆಸರೂ ಕೇಳದಿದ್ದ ಸೀಮೆಯಲ್ಲಿ ಸಾವಿರಕ್ಕೂ ಹೆಚ್ಚು ಜನ ಜ್ವರಕ್ಕೆ ಬಿದ್ದರು. ಅದನ್ನು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1987ರಲ್ಲಿ ಇದನ್ನು ಅಭಿವೃದ್ಧಿಯ ಕಾಯಿಲೆ ಎಂದೇ ಬರೆದರು. ಆಮೇಲೆ ಅದು ಬಂಡೀಪುರದಲ್ಲಿ ಕಂಡಿತು, ವಯನಾಡಿಗೆ ಹೋಯಿತು, ಗೋವಾದ ಸತ್ತರಿಗೆ, ಮಹಾರಾಷ್ಟ್ರದ ಸಿಂಧುದುರ್ಗಕ್ಕೆ ಹೋಯಿತು. ಪಶ್ಚಿಮ ಘಟ್ಟದ ಉದ್ದಕ್ಕೂ ಈಗ ಅದಕ್ಕೆ ಮನೆಗಳಿವೆ. ಇದು ಸೊರಬದ ಕಾಯಿಲೆ ಎಂದು ಹೇಳಿ ಕೈ ತೊಳೆದುಕೊಳ್ಳುವ ಕಾಲ ಮುಗಿದು ಬಹಳ ದಿನವಾಯಿತು.

ಸಾಗರ ತಾಲ್ಲೂಕಿನ ಅರಳಗೋಡಿನ ಮಾತು ಹೇಳದೆ ಮುಂದೆ ಹೋಗಲಾರೆ. 2018ರ ಕೊನೆಯಲ್ಲಿ ಅಲ್ಲಿ ಜ್ವರ ಶುರುವಾಗಿ 2019ರ ಬೇಸಿಗೆಯವರೆಗೆ ಆ ಸುತ್ತಿನ ಊರುಗಳು ಸಾವಿನ ಮೇಲೆ ಸಾವು ಕಂಡವು. ಎಷ್ಟು ಜನ ಸತ್ತರೆಂದು ಕೇಳಿದರೆ ಸರ್ಕಾರದ ಲೆಕ್ಕ ಒಂದು, ಊರಿನ ಲೆಕ್ಕ ಇನ್ನೊಂದು. ರಕ್ತದ ಮಾದರಿಯಲ್ಲಿ ವೈರಸ್ ಖಚಿತವಾಗದಿದ್ದರೆ ಅದು ಮಂಗನ ಕಾಯಿಲೆಯ ಸಾವಲ್ಲ, ಹಾಗಾಗಿ ಪರಿಹಾರವೂ ಇಲ್ಲ. ಮಾದರಿ ತಡವಾಗಿ ತೆಗೆದದ್ದು ಯಾರ ತಪ್ಪು ಎಂಬುದು ಆ ಲೆಕ್ಕದಲ್ಲಿ ಬರುವುದಿಲ್ಲ. ಶರಾವತಿ ಕಣಿವೆಯ ಜನ ಹಾಗೆ ನೋಡಿದರೆ ಲೆಕ್ಕದಿಂದ ಹೊರಗುಳಿಯುವುದರಲ್ಲಿ ಪಳಗಿದವರು. ಲಿಂಗನಮಕ್ಕಿ ಅಣೆಕಟ್ಟೆಗಾಗಿ ಮನೆ ಗದ್ದೆ ಮುಳುಗಿಸಿಕೊಂಡು ಕಾಡು ಸೇರಿದ ಕುಟುಂಬಗಳಲ್ಲಿ ಎಷ್ಟೋ ಮಂದಿ ಇಂದಿಗೂ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತಿದ್ದಾರೆ. ಇದೇ ಸಾಗರ ತಾಲ್ಲೂಕಿನಲ್ಲಿ 1970ರ ದಶಕದಿಂದ ಹಂದಿಗೋಡು ಕಾಯಿಲೆ ಎಂಬ ಇನ್ನೊಂದು, ಸೊಂಟದ ಕೀಲುಗಳನ್ನು ತಿಂದುಹಾಕುವ ಕಾಯಿಲೆ ದಲಿತ ಕುಟುಂಬಗಳನ್ನು ಕುಗ್ಗಿಸುತ್ತಾ ಬಂದಿದೆ. ಅದರ ಹೆಸರನ್ನು ಕೇಳಿದ ಬೆಂಗಳೂರಿಗರು ಎಷ್ಟು ಮಂದಿಯೋ.

ಹಾಗಾದರೆ ಯಾರು ಏನು ಮಾಡಬೇಕು? ಮೊದಲು ಮಲೆನಾಡಿನಿಂದ ಬಂದು ನಗರ ಸೇರಿದವರೇ, ನಿಮಗೆ. ತೋಟ ಅಪ್ಪನ ಹೆಸರಲ್ಲಿದೆ, ಅಡಿಕೆ ದರ ನಿಮ್ಮ ಮೊಬೈಲಿನಲ್ಲಿದೆ. ತೋಟಕ್ಕೆ ಗೊಬ್ಬರ ಹೊತ್ತವರಿಗೆ ಈ ವರ್ಷ ಎಣ್ಣೆ ಸಿಕ್ಕಿತೇ, ಕಾಲಿಗೆ ಗಂಬೂಟು ಇದೆಯೇ, ಜ್ವರ ಬಂದರೆ ಕೂಲಿ ಕಡಿಯದೆ ಕೊಡುತ್ತೀರಾ ಎಂದು ಮನೆಗೆ ಫೋನ್ ಮಾಡಿದಾಗ ಒಮ್ಮೆ ಕೇಳಿ. ಅಪ್ಪಯ್ಯನಿಗೆ ಇರಿಸುಮುರಿಸಾದರೆ ಆಗಲಿ. ಅಡಿಕೆ ಬೆಳೆಗಾರರ ಸಹಕಾರ ಸಂಘಗಳು ಕೋಟಿಗಟ್ಟಲೆ ವಹಿವಾಟು ಮಾಡುತ್ತವೆ, ಒಳ್ಳೆಯ ಕೆಲಸಗಳನ್ನೂ ಮಾಡಿವೆ. ತರಗೆಲೆ ಹೊರುವವರಿಗೆ ವಿಮೆ, ಗಂಬೂಟು, ಉದ್ದ ತೋಳಿನ ಅಂಗಿ, ಸೀಸನ್ ಪೂರ್ತಿ ಸಾಲುವಷ್ಟು ಎಣ್ಣೆ ಕೊಡುವುದು ಅವುಗಳಿಗೆ ಹೊರೆಯಾಗುವ ಮಾತಲ್ಲ. ಈ ಸಲದ ಸರ್ವಸದಸ್ಯರ ಸಭೆಯಲ್ಲಿ ಒಬ್ಬರು ಎದ್ದು ನಿಂತು ಇದನ್ನು ಠರಾವಿಗೆ ಇಡಬೇಕು, ಇನ್ನೊಬ್ಬರು ಅನುಮೋದಿಸಬೇಕು.

ವೈದ್ಯರಿಗೆ ಒಂದೇ ಮಾತು. ಡಿಸೆಂಬರಿನಿಂದ ಮೇವರೆಗೆ ಜ್ವರ ಹೊತ್ತು ಬಂದವರನ್ನು, ಅವರು ಬೆಂಗಳೂರಿನ ಟೆಕ್ಕಿಯೇ ಆಗಿರಲಿ, ಊರಿಗೆ ಹೋಗಿದ್ದಿರಾ, ಕಾಡಿಗೆ ಹೋಗಿದ್ದಿರಾ ಎಂದು ಕೇಳಿ. ಡೆಂಗಿ, ಇಲಿಜ್ವರ ಎಂದು ಕಳೆದುಹೋಗುವ ಮೊದಲ ನಾಲ್ಕೈದು ದಿನ ಅಮೂಲ್ಯ.

ಸರ್ಕಾರಕ್ಕೆ ಹೇಳಬೇಕಾದ್ದು ಹೊಸದೇನಿಲ್ಲ, ಹೇಳುವ ತಿಂಗಳು ಮಾತ್ರ ಬದಲಾಗಬೇಕು. ಜನವರಿಯಲ್ಲಿ ಕೂಗಿದರೆ ಎಣ್ಣೆ ಮಾರ್ಚ್‌ಗೆ ಬರುತ್ತದೆ. ಸಾಗರ, ಸಿದ್ದಾಪುರ, ತೀರ್ಥಹಳ್ಳಿಯ ತಾಲ್ಲೂಕು ಆಸ್ಪತ್ರೆಗಳಲ್ಲಿ ತೀವ್ರ ನಿಗಾ ಘಟಕಕ್ಕೆ ಸಿಬ್ಬಂದಿ ನೇಮಿಸುವುದು, ಎಣ್ಣೆಯ ಟೆಂಡರು ಕರೆಯುವುದು, ಸತ್ತ ಮಂಗದ ಸುದ್ದಿ ಹೇಳಲು ಒಂದೇ ನಂಬರು ಕೊಟ್ಟು ಮೂರು ಇಲಾಖೆಗಳನ್ನು ಅದರ ಹಿಂದೆ ಕೂರಿಸುವುದು, ಕಾಡಂಚಿನ ಮನೆಗಳಿಗೆ ಗ್ಯಾಸ್ ಸಿಲಿಂಡರ್ ತುಂಬಿಸಲು ಸಹಾಯಧನ, ಕಾಡಿಗೆ ಹೋಗಬಾರದ ವಾರಗಳಲ್ಲಿ ಅದೇ ಊರಿನಲ್ಲಿ ಉದ್ಯೋಗ ಖಾತ್ರಿಯ ಕೆಲಸ, ಇವೆಲ್ಲ ಮಳೆಗಾಲದಲ್ಲಿ ಆಗಬೇಕಾದವು. ಉಣುಗಿಗೆ ರಜೆ ಇರುವಾಗ ನಮಗೆ ರಜೆ ಇರಕೂಡದು.

ಮುಂಗಾರು ಅಧಿವೇಶನ ಸೇರುವಾಗ ಮಂಗನ ಕಾಯಿಲೆ ಯಾರ ಬಾಯಲ್ಲೂ ಇರುವುದಿಲ್ಲ. ಆಗಲೇ ನಿಮ್ಮ ಶಾಸಕರಿಗೆ ಫೋನ್ ಮಾಡಿ. ಮಲೆನಾಡಿನ ಶಾಸಕರೇ ಆಗಬೇಕೆಂದಿಲ್ಲ. ಜಯನಗರದವರಾದರೂ ಸರಿ, ಜೇವರ್ಗಿಯವರಾದರೂ ಸರಿ. ಹೊಸ ಲಸಿಕೆ ಯಾವ ಹಂತದಲ್ಲಿದೆ, ಅದಕ್ಕೆ ರಾಜ್ಯ ಎಷ್ಟು ಹಣ ತೆಗೆದಿಟ್ಟಿದೆ, ಮೊದಲ ಡೋಸ್ ಯಾವ ಸೀಸನ್ನಿಗೆ ಸಿಗುತ್ತದೆ ಎಂದು ಸದನದಲ್ಲಿ ಕೇಳಿ ಎನ್ನಿ. ಉತ್ತರ ಬರೆದು ಕಳಿಸಲು ಹೇಳಿ. ಆಗಸ್ಟ್‌ವರೆಗೆ ಬಾರದಿದ್ದರೆ ಮತ್ತೆ ಫೋನ್ ಮಾಡಿ.